ನಂಜೇರಿದಾಗ ಹೃದಯ

ಮೂತ್ರದ ಸೋಂಕೋ ನ್ಯುಮೋನಿಯಾವೋ ಉಲ್ಬಣಿಸಿ ಮೈಯೆಲ್ಲ ನಂಜೇರುವ ಸ್ಥಿತಿಯೇ ಸೆಪ್ಸಿಸ್. ಆಗ ರಕ್ತದಲ್ಲಿ ಟ್ರೋಪೋನಿನ್ ಹೆಚ್ಚಿದೆಯೆಂದೊಡನೆ ನಾವು ಹೃದಯಾಘಾತವೆಂದೇ ಕಂಗಾಲಾಗುತ್ತೇವೆ. ಹೃದಯಸ್ನಾಯುವಿಗೆ ಪೆಟ್ಟಾಗಿದೆಯೆಂದಷ್ಟೇ ಅದು ಹೇಳುತ್ತದೆ, ಪೆಟ್ಟಿನ ಕಾರಣವನ್ನಲ್ಲ. 1986ರಲ್ಲಿ ಅಮೆರಿಕದ ಸಂಶೋಧಕರು ಸೆಪ್ಟಿಕ್ ಶಾಕ್‌ಗೆ ಒಳಗಾದವರ ಹೃದಯದ ರಕ್ತಪ್ರವಾಹವನ್ನು ಅಳೆದ ವರದಿ ಪ್ರಕಟಿಸಿದರು. ಪ್ರವಾಹ ಕುಂದಿರಲಿಲ್ಲ, ಕೆಲವರಲ್ಲಿ ಹೆಚ್ಚೇ ಇತ್ತು. ಕಾಲುವೆ ತುಂಬಿ ಹರಿದರೂ ಪೈರು ಬಾಡಿದಂತೆ! ಸೋಂಕನ್ನೆದುರಿಸಲು ದೇಹವೇ ಸ್ರವಿಸುವ ಉರಿಯೂತದ ರಾಸಾಯನಿಕಗಳು ಸ್ನಾಯುವಿನ ಬಲವನ್ನು ಕುಗ್ಗಿಸುತ್ತವೆ. ಬದುಕುಳಿದವರಲ್ಲಿ ಈ ದೌರ್ಬಲ್ಯವು ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ನೀಗುತ್ತದೆ. ಆದರೂ ಕೆಲವರಿಗೆ ನಾಳದ ಅಡಚಣೆಯೂ ಇರಬಹುದಾದ್ದರಿಂದ ವೈದ್ಯರು ಇ.ಸಿ.ಜಿ., ಎಕೋ ಪರೀಕ್ಷೆಗಳನ್ನು ಮಾಡಿಸುತ್ತಾರೆ. ಜ್ವರದೊಡನೆ ಏದುಸಿರು, ಮಂಪರು, ಮೂತ್ರದ ಇಳಿಕೆ ಕಂಡರೆ ನಾವು ಕಷಾಯ ಕುದಿಸುತ್ತ ಕೂರದೆ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಆಂಟಿಬಯಾಟಿಕ್ ತಡವಾದಷ್ಟೂ ಪ್ರಾಣಾಪಾಯ ಹೆಚ್ಚು.