ಟಪ್ ಟಪ್ ಶವರ್, ಟಾಕಿ ಖಾಲಿ!

ಹುಬ್ಬಳ್ಳಿ: ನಳಕ್ಕೆ ನೀರು ಬಂದು ನಾಲ್ಕು ದಿನ. ಮುಂದಿನ ಪಾಳಿಗೆ ಇನ್ನೂ ಮೂರು ದಿನ. ಅಂಗಡಿ ಬಾಗಿಲು ಹಾಕಿ ರಾತ್ರಿ ಓಣಿಗೆ ಬಂದ ಯಜಮಾನರಿಗೆ ಊಟಕ್ಕಿಂತ ಮೊದಲು ಸಿಕ್ಕಿದ್ದು ಸುದ್ದಿ: 'ಟಾಕಿ ತಳ ಕಂಡೈತಿ, ಕೇಳಿದ್ರೇನ್ರಿ?'

ನೀರು ಚೆಲ್ಲಿದವರು ಯಾರು? ಯಾರೂ ಇಲ್ಲ. ಬಚ್ಚಲಿನ ಶವರ್ ಟಪ್ ಟಪ್ ಅನ್ನುತ್ತಿತ್ತು, ಅಷ್ಟೆ.

'ಅಷ್ಟೆ' ಅನ್ನುವವರು ಲೆಕ್ಕ ಹಾಕಿ ನೋಡಲಿ. ಸೆಕೆಂಡಿಗೆ ಒಂದು ಹನಿ ಎಂದರೆ ದಿನಕ್ಕೆ 86,400 ಹನಿ. ನಾಲ್ಕು ಹನಿಗೆ ಒಂದು ಮಿಲಿಲೀಟರ್ ಹಿಡಿದರೂ ದಿನಕ್ಕೆ 21 ಲೀಟರಿಗೆ ಮೇಲೆ. ವಾರಕ್ಕೆ 150 ಲೀಟರ್ ದಾಟಿತು! ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರದ ಅಳತೆ. ಕರೆಯದ ನೆಂಟನೊಬ್ಬ ವಾರಕ್ಕೊಂದು ದಿನ ಬಂದು, ಮಿಂದು, ಹೇಳದೆ ಹೋದ ಹಾಗಾಯಿತು.

ಸಿಟ್ಟು ಯಾರ ಮೇಲೆ?

ಕೆಲವರು ಶವರಿನ ತಲೆಯನ್ನೇ ಬದಲಿಸುತ್ತಾರೆ. ಕೆಲವರು ಹಲ್ಲು ಕಚ್ಚಿ ಕಾಕ್ ತಿರುವುತ್ತಾರೆ. ಎರಡೂ ದಂಡ. ಹನಿ ಬೀಳುವುದು ಮೇಲಿನಿಂದಾದರೂ ರೋಗ ಇರುವುದು ಕೆಳಗಿನ ಕಾಕಿನಲ್ಲಿ. ಅದರೊಳಗಿನ ರಬ್ಬರ್ ವಾಷರ್ ಸವೆದಿರುತ್ತದೆ. ಬಿಗಿಯಾಗಿ ತಿರುವಿದಷ್ಟೂ ಅದು ಬೇಗ ಹರಿಯುತ್ತದೆ. ಕಡೆಗೆ ವಾಷರ್ ಕೂರುವ ಹಿತ್ತಾಳೆ ಅಂಚೂ ಕೆಡುತ್ತದೆ.

ಸ್ನಾನ ಮುಗಿದ ಮೇಲೆ ಸ್ವಲ್ಪ ಹೊತ್ತು ತೊಟ್ಟಿಕ್ಕಿದರೆ ಗಾಬರಿ ಬೇಡ. ಅದು ಶವರಿನ ತಲೆಯಲ್ಲಿ ಉಳಿದ ನೀರು. ತಾಸು ಕಳೆದರೂ ನಿಲ್ಲದಿದ್ದರೆ ರಿಪೇರಿಗೆ ಕೈ ಹಾಕಬೇಕು.

ಮನೆಯಲ್ಲೇ ರಿಪೇರಿ

ಮೊದಲು ಟಾಕಿಯ ಕೆಳಗಿನ ಗೇಟ್ ವಾಲ್ವ್ ಬಂದ್ ಮಾಡಿ. ಕಾಕ್ ತೆರೆದು ಪೈಪಿನ ನೀರು ಬಸಿಯಿರಿ. ಸ್ಕ್ರೂ ಉರುಳಿ ಹೋಗದಂತೆ ಬಚ್ಚಲ ತೂತಿಗೆ ಬಟ್ಟೆ ಮುಚ್ಚಿ. ಹಿಡಿಯ ಸ್ಕ್ರೂ ಬಿಚ್ಚಿ, ನಟ್ಟಿಗೆ ಬಟ್ಟೆ ಸುತ್ತಿ, ಪಾನಾ ಹಾಕಿ ಎಡಕ್ಕೆ ತಿರುವಿದರೆ ಒಳಗಿನ ಸ್ಪಿಂಡಲ್ ಕೈಗೆ ಬರುತ್ತದೆ. ಅದರ ತುದಿಯ ಹಳೆ ವಾಷರನ್ನು ಅಂಗಡಿಗೆ ಒಯ್ದು, ಅದೇ ಅಳತೆಯದನ್ನು ತಂದು ಕೂರಿಸಿ. ಬಿಚ್ಚಿದ ಹಾಗೆಯೇ ಜೋಡಿಸಿ. ಕೆಲಸ ಮುಗಿಯಿತು.

ಕಾಲು ಸುತ್ತಿಗೇ ತೆರೆದುಕೊಳ್ಳುವ ಹೊಸ ಮಾದರಿಯಲ್ಲಿ ಈ ವಾಷರ್ ಇಲ್ಲ, ಸೆರಾಮಿಕ್ ಬಿಲ್ಲೆಗಳಿವೆ. ಅಲ್ಲಿ ಸ್ಪಿಂಡಲನ್ನೇ ಬದಲಿಸಬೇಕು. ಶವರಿನ ತಲೆ ಪೈಪಿಗೆ ಸೇರುವಲ್ಲಿ ಜಿನುಗಿದರೆ ಮರೆಯ ಮೇಲೆ ನಾಲ್ಕು ಸುತ್ತು ಟೆಫ್ಲಾನ್ ಟೇಪ್ ಸಾಕು. ಹಿತ್ತಾಳೆ ಅಂಚು ಕೆಟ್ಟಿದ್ದರೆ ಮಾತ್ರ ಪ್ಲಂಬರನನ್ನು ಕರೆಯಿರಿ.

ಹನಿಗೂಡಿದರೆ ಹಳ್ಳ ಎಂದರು ಹಿರಿಯರು. ಹನಿ ಸೋರಿದರೆ ಟಾಕಿಯೇ ಹಳ್ಳ ಹಿಡಿಯುತ್ತದೆ!

ಓಣಿಯ ಆ ಮನೆಯಲ್ಲಿ ಮರುದಿನವೇ ಶವರ್ ಸುಮ್ಮನಾಯಿತು. ಖರ್ಚಾದದ್ದು ಚಹಾದ ಕಾಸು. ಉಳಿದ ಮೂರು ದಿನದ ನೀರು ಮಾತ್ರ ಪಕ್ಕದ ಮನೆಯಿಂದ, ಕೊಡದಲ್ಲಿ, ಕೈ ಒಡ್ಡಿ ತಂದದ್ದು.