ದಂಡನೆ ಕೃತ್ಯಕ್ಕೋ, ಕುಲಕ್ಕೋ?



ಕಳವು ಮಾಡಿದವನನ್ನು ದಂಡಿಸಬೇಕೆಂಬುದರಲ್ಲಿ ಎಲ್ಲ ದೇಶದವರೂ ಏಕಾಭಿಪ್ರಾಯರು. ಆದರೆ ಆ ದಂಡನೆಯು ಆತನು ಎಸಗಿದ ಕೃತ್ಯಕ್ಕೆ ಸಲ್ಲತಕ್ಕುದೋ, ಆತನು ಹುಟ್ಟಿದ ಕುಲಕ್ಕೆ ಸಲ್ಲತಕ್ಕುದೋ? ಉತ್ತರವು ಸ್ಪಷ್ಟವೆಂದು ನಾವು ಭಾವಿಸುತ್ತೇವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು ಮದರಾಸು ಸರ್ಕಾರಕ್ಕೆ ಸೇರಿದ್ದ ಕಾಲದಲ್ಲಿ ಅದು ಅಷ್ಟು ಸ್ಪಷ್ಟವಾಗಿರಲಿಲ್ಲ.

ಮೊದಲು ಹಳೆಯ ಪದ್ಧತಿಯನ್ನು ನೋಡೋಣ. ಪಾಳೆಯಗಾರರ ಕಾಲದಲ್ಲಿ ದಕ್ಷಿಣದ ಅನೇಕ ಕಡೆ ಕಾವಲುಗಾರರು ರೈತರಿಂದ ಕಾವಲಿಯ ಹುಟ್ಟುವಳಿಯನ್ನು ಪಡೆಯುತ್ತಿದ್ದರು. ಕಳುವಾದ ಸೊತ್ತು ಸಿಕ್ಕದಿದ್ದರೆ ನಷ್ಟವನ್ನು ಅವರೇ ತುಂಬಿಕೊಡಬೇಕಾಗಿತ್ತು. ಆಂಗ್ಲ ದೇಶದ ಪದ್ಧತಿಯೂ ಇದಕ್ಕೆ ದೂರವಾದುದಲ್ಲ. ಅಲ್ಲಿ 1285ರ ವಿಂಚೆಸ್ಟರ್ ಶಾಸನದಂತೆ, ದರೋಡೆ ನಡೆದ ಸೀಮೆಯವರು ಕಳ್ಳನನ್ನು ಹಿಡಿದುಕೊಡಬೇಕು, ಇಲ್ಲವೆ ನಷ್ಟಕ್ಕೆ ಹೊಣೆಯಾಗಬೇಕು. 16, 17ನೆಯ ಶತಮಾನಗಳಲ್ಲಿ ಅಲ್ಲಿಯ ಹಳ್ಳಿಯ ಕಾನ್‌ಸ್ಟೇಬಲನು ಸಂಬಳದ ಪೋಲೀಸಿನವನಲ್ಲ, ಊರವರಲ್ಲೇ ಒಬ್ಬನು.

1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಒಪ್ಪಿಸಿದನು. 1807ರ ವರೆಗೆ ಇಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಊರಿನ ಹಳೆಯ ವ್ಯವಸ್ಥೆಯ ಬೆಲೆಯನ್ನು ಬಲ್ಲವನು. ಆತನ ಪ್ರಯತ್ನದಿಂದ ಹೊರಟ 1816ರ ಕಾಯಿದೆಗಳು ಹಳ್ಳಿಯ ಪೋಲೀಸು ಕೆಲಸವನ್ನು ಊರ ಮುಖ್ಯಸ್ಥನಿಗೂ ತಳವಾರನಿಗೂ ವಹಿಸಿದುವು. ಸಂಬಳದ ಪೋಲೀಸು ದಳವು ಏರ್ಪಟ್ಟುದು 1859ರ ಕಾಯಿದೆಯಿಂದ.

ಇನ್ನು ದಂಡನೆಯ ವಿಷಯ. ಆಂಗ್ಲ ದೇಶದಲ್ಲಿ 12 ಪೆನ್ಸಿಗಿಂತ ಹೆಚ್ಚು ಬೆಲೆಯ ಕಳವು ಮರಣದಂಡನೆಗೆ ಅರ್ಹವಾದ ಅಪರಾಧವಾಗಿತ್ತು. ಎಂತಹ ಕ್ರೌರ್ಯ! ಆದರೂ ಆ ಕ್ರೌರ್ಯದ ಗೋಡೆಯಲ್ಲಿ ಒಂದು ಕಿಂಡಿಯಿತ್ತು. ಆರೋಪಿಯ ಮೇಲೆ ಕನಿಕರಪಟ್ಟ ಜೂರಿಯವರು, ಕದ್ದ ವಸ್ತುವಿನ ಬೆಲೆಯನ್ನು ಬೇಕೆಂದೇ ಇಳಿಸಿ ಹೇಳಿ, ಅವನ ಪ್ರಾಣವನ್ನು ಉಳಿಸುತ್ತಿದ್ದುದುಂಟು. ಮನುಷ್ಯನನ್ನು ಕಣ್ಣಾರೆ ಕಂಡು ವಿಚಾರಿಸುವುದರ ಫಲವಿದು.

ಕುಲವನ್ನೇ ಅಪರಾಧವೆಂದೆಣಿಸಿದ ನಿದರ್ಶನವೂ ಆ ದೇಶದಲ್ಲಿ ಇಲ್ಲದಿಲ್ಲ. ಅಲೆಮಾರಿಗಳಾದ ಜಿಪ್ಸಿಗಳನ್ನು ದೇಶದಿಂದ ಹೊರಡಿಸಲು 1530ರಲ್ಲಿ ಶಾಸನವಾಯಿತು. 1554ರಲ್ಲಿ, ಹೊರಡದೆ ನಿಂತವರಿಗೆ ಮರಣದಂಡನೆಯೂ ವಿಹಿತವಾಯಿತು. ಇಂತಹ ಘೋರ ಶಾಸನವು ಅಲ್ಲಿ 1783ರಲ್ಲಿ ರದ್ದಾಯಿತು. ಸರಿಯಾಗಿ 88 ವರ್ಷಗಳ ತರುವಾಯ, 1871ರಲ್ಲಿ, ಅದೇ ಭಾವನೆಯು ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಎಂಬ ಹೆಸರಿನಿಂದ ಉತ್ತರ ಹಿಂದೂಸ್ಥಾನದಲ್ಲಿ ತಲೆಯೆತ್ತಿತು. 1911ರಲ್ಲಿ ಮದರಾಸು ಪ್ರಾಂತಕ್ಕೂ ಬಂದಿತು.

ನಮ್ಮ ಕಡೆಯ ಕೊರಚರು, ಲಂಬಾಣಿಗಳು ಹಿಂದೆ ಮಾಡುತ್ತಿದ್ದ ಕೆಲಸವೇನು? ಎತ್ತು ಕತ್ತೆಗಳ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೇರಿಕೊಂಡು, ಬಂಡಿ ಹೋಗದ ಹಳ್ಳಿಗಳಿಗೂ ಒದಗಿಸುವುದು. ಕೊರವರಲ್ಲಿ ಒಂದು ಪಂಗಡದ ಹೆಸರೇ 'ಉಪ್ಪು ಕೊರವ'. ರೈಲು ಬಂದಿತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಲವಾಯಿತು, 1876–78ರ ಕ್ಷಾಮವು ಬಳ್ಳಾರಿ ಸೀಮೆಯನ್ನು ಸುಟ್ಟಿತು. ಹೇರು ಹೊರುವವರ ಜೀವನೋಪಾಯವು ಕಳಚಿಬಿದ್ದಿತು. ಅಲೆಮಾರಿಗೆ ಸರಕಿದ್ದಾಗ ಆತನು ವ್ಯಾಪಾರಿ. ಸರಕು ಹೋದ ಮೇಲೆ ಸಂಶಯಾಸ್ಪದನು. ಮದರಾಸು ಸರ್ಕಾರದ ಪಟ್ಟಿಯಲ್ಲಿ 'ದೊಂಗ ಊರ ಕೊರಚ' ಎಂಬ ಹೆಸರು ಸೇರಿತು. ದೊಂಗ ಎಂದರೆ ತೆಲುಗಿನಲ್ಲಿ ಕಳ್ಳ. ಉಪ್ಪು ಇದ್ದ ಕಡೆ ಕಳವು ಬಂದು ಕುಳಿತಿತು!

ಪಟ್ಟಿಗೆ ಸೇರಿದವರ ಹೆಸರನ್ನು ದಾಖಲೆ ಮಾಡಿ ಬೆರಳ ಗುರುತನ್ನು ತೆಗೆದುಕೊಳ್ಳುವರು. ಗೊತ್ತಾದ ಕಾಲದಲ್ಲಿ ಅವರು ಹಾಜರಿ ಕೊಡಬೇಕು. ಕೆಲವು ಅಪರಾಧಗಳಲ್ಲಿ ಎರಡನೆಯ ಸಲ ಶಿಕ್ಷಿತನಾದವನಿಗೆ ಸಾಮಾನ್ಯವಾಗಿ 7 ವರ್ಷಕ್ಕೆ ಕಡಮೆಯಿಲ್ಲದ ಸೆರೆ. ಮೂರನೆಯ ಸಲ ಯಾವಜ್ಜೀವ ದೇಶಾಂತರವಾಸ. ಎಲ್ಲಕ್ಕಿಂತ ಕಠಿಣವಾದ ಮಾತು ಮತ್ತೊಂದುಂಟು. ಒಂದು ಜನಾಂಗವನ್ನು ಪಟ್ಟಿಗೆ ಸೇರಿಸಿದ ಸರ್ಕಾರದ ಪ್ರಕಟನೆಯನ್ನು ಯಾವ ನ್ಯಾಯಸ್ಥಾನವೂ ಪ್ರಶ್ನಿಸುವಂತಿರಲಿಲ್ಲ. 12 ಪೆನ್ಸಿನ ಕಳ್ಳನಿಗಿದ್ದ ಕಿಂಡಿಯು ಕೊರಚನ ಕೂಸಿಗೆ ಇರಲಿಲ್ಲ.

ಮದರಾಸು ಪ್ರಾಂತವು 1947ರಲ್ಲಿ ಈ ಕಾನೂನನ್ನು ತೆಗೆದುಹಾಕಿತು. ದೇಶಕ್ಕೆಲ್ಲ ಅದು 1952ರ ಆಗಸ್ಟ್ 31ರಂದು ಕೊನೆಗೊಂಡಿತು. ಅಂದಿನಿಂದ ಈ ಜನರು ವಿಮುಕ್ತರು. ಶಾಸನವು ಬಿಡಿಸಿದುದು ಪಟ್ಟಿಯ ಕಟ್ಟನ್ನು ಮಾತ್ರ. ಮನಸ್ಸಿನ ಕಟ್ಟನ್ನು ಬಿಡಿಸುವ ಅಧಿಕಾರ ಅದಕ್ಕಿಲ್ಲ. ಊರಿನಲ್ಲಿ ಕಳವಾದ ಮರುದಿನ ನಮ್ಮ ದೃಷ್ಟಿ ಮೊದಲು ಹೋಗುವುದು ಕಾಲ ಗುರುತಿನ ಕಡೆಗೋ, ಊರಾಚೆಯ ಗುಡಿಸಲಿನ ಕಡೆಗೋ? ಆ ಉತ್ತರವನ್ನು ಕೊಡಬೇಕಾದವರು ನಾವೇ.