ಟೆಂಟ್ ಮುಂದೆ ಹುಲಿ-ಕುರಿ

ಟೆಂಟ್ ಹಾಕಿದ್ದಾಯ್ತು.
ನೆಟ್‌ವರ್ಕ್ ಇಲ್ಲ.
ಮಕ್ಕಳು ಕೇಳ್ತಾರೆ, "ಈಗೇನ್ ಮಾಡೋದು?"

ಒಂದು ಕಡ್ಡಿ ತಗೊಳ್ಳಿ.
ನೆಲದ ಮೇಲೆ ಹುಲಿ-ಕುರಿ ಆಟದ ಮನೆಗೆ ಗೆರೆ ಎಳೀರಿ.
3 ದೊಡ್ಡ ಕಲ್ಲು. ಅವು ಹುಲಿ.
15 ಚಿಕ್ಕ ಕಲ್ಲು. ಅವು ಕುರಿ.

ಹಂಪಿಗೆ ಹೋದಾಗ
ಕಲ್ಲುಚಪ್ಪಡಿಗಳನ್ನ ಸ್ವಲ್ಪ ಬಗ್ಗಿ ನೋಡಿ.
ಇಂಥ ಆಟದ ಮನೆಗಳನ್ನ ಅಲ್ಲೂ ಕೊರೆದಿದ್ದಾರೆ!

ಮೊದಲು ಕುರಿಗಳನ್ನ ಒಂದೊಂದಾಗಿ ಇಡ್ತಾ ಹೋಗಬೇಕು.
ಹುಲಿ ಕುರಿಯನ್ನ ದಾಟಿ ಹಾರಿದ್ರೆ, ಕುರಿ ಔಟ್.
ಆದ್ರೆ ಹಾರೋಕೆ
ಕುರಿಯ ಹಿಂದೆ ಖಾಲಿ ಜಾಗ ಇರಬೇಕು.
ಅಲ್ಲಿ ಇನ್ನೊಂದು ಕುರಿ ನಿಂತಿದ್ರೆ?
ಹುಲಿ ಏನೂ ಮಾಡೋಕಾಗಲ್ಲ.

ಕಬಡ್ಡಿಯಲ್ಲಿ ಕೈ ಕೈ ಹಿಡಿದು
ರೇಡರ್‌ನ ಸುತ್ತುವರೀತಾರಲ್ಲ,
ಕುರಿಗಳ ಆಟವೂ ಹಾಗೇ.
3 ಹುಲಿನೂ ಅಲುಗಾಡದ ಹಾಗೆ ಕಟ್ಟಿಹಾಕಿದ್ರೆ
ಗೆಲುವು ಕುರಿಗಳದ್ದು.

ನನಗಂತೂ ಕುರಿ ಕಡೆ ಆಡೋದೇ ಇಷ್ಟ.
ಲೆಕ್ಕಾಚಾರದ ಮಜಾ ಎಲ್ಲ ಅಲ್ಲೇ ಇರೋದು.
ಅಜ್ಜಿ ಜೊತೆಗೆ ಬಂದಿದ್ರೆ
ಹುಲಿ ಅವರಿಗೇ ಕೊಡಿ.
ಚಿಕ್ಕ ವಯಸ್ಸಲ್ಲಿ ಜಗಲಿ ಮೇಲೆ ಆಡಿರ್ತಾರೆ,
ಸುಲಭಕ್ಕೆ ಬಿಟ್ಟುಕೊಡಲ್ಲ!

ಕತ್ತಲಾಯ್ತಾ? ಈಗ ಇನ್ನೊಂದು ಆಟ.
ಟಾರ್ಚ್ ಆರಿಸಿ. ಎಲ್ಲರೂ ಕಣ್ಣು ಮುಚ್ಚಿ.
ಹೊಸ ಸದ್ದು ಕೇಳಿದಾಗೆಲ್ಲ
ಒಂದೊಂದು ಬೆರಳು ಮಡಚಿ.
ಜೀರುಂಡೆ...
ಕಪ್ಪೆ...
ದೂರದಲ್ಲಿ ಹರಿಯೋ ಹಳ್ಳ...

ಎರಡು ನಿಮಿಷ ಆದ ಮೇಲೆ ಕಣ್ಣು ಬಿಡಿ.
ಯಾವ ಬೆರಳು ಯಾವ ಸದ್ದಿಗೆ ಅಂತ ಹೇಳಬೇಕು.
ಜಾಸ್ತಿ ಹೇಳಿದವರು ಗೆದ್ರು.
ಗೆದ್ದವರು ಒಂದು ಒಗಟು ಹಾಕಲಿ.
ಒಡೆಯೋಕೆ ಆಗದವರೆಲ್ಲ
ಬೆಳಿಗ್ಗೆ ಪಾತ್ರೆ ತೊಳೀಬೇಕು!